ತರ್ದವಾಡಿಯ ಮಗ್ಗುಲಿನಿಂದ: ಸಾಮ್ರಾಜ್ಯಗಳ ಬೆಳವಣಿಗೆ, ಹಿಡಿತ ಮತ್ತು ಒಡಕು

ಪ್ರಾಚೀನ ಸಾಮ್ರಾಜ್ಯಗಳನ್ನು ಹೋಲಿಸಿ ನೋಡುವ ಬರವಣಿಗೆ ಬಹುಮಟ್ಟಿಗೆ ರಾಜಧಾನಿಯಲ್ಲಿ ನಿಂತು ಹೊರಗೆ ನೋಡುವ ಬರವಣಿಗೆಯಾಗಿದೆ. ರೋಮಿನಿಂದ ಬ್ರಿಟನ್ನಿನತ್ತ, ಸೂಸಾದಿಂದ ಸಾರ್ಡಿಸ್‌ನತ್ತ, ಪಾಟಲಿಪುತ್ರದಿಂದ ಸುವರ್ಣಗಿರಿಯತ್ತ ದೃಷ್ಟಿ ಚಾಚುತ್ತದೆ. ಅಧಿಕಾರ ನಡುವಿನಿಂದ ಹೊರಟು ಅಂಚಿನಲ್ಲಿ ತೆಳುವಾಗುತ್ತ ಹೋಗುತ್ತದೆಂಬ ಚಿತ್ರ ತಾನಾಗಿಯೇ ಮೂಡುತ್ತದೆ. ದಖ್ಖನದ ಅರಸುಮನೆತನಗಳ ವಿಷಯದಲ್ಲಿ ಈ ಚಿತ್ರ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಪರೀಕ್ಷಿಸಲು ಜತ್ತ ತಾಲ್ಲೂಕಿನಂತಹ ನೆಲೆ ಅನುಕೂಲವಾದುದು. ಇಂದಿನ ಭೂಪಟದಲ್ಲಿ ಇದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ಕೊನೆ. 10ನೆಯ ಶತಮಾನದ ಭೂಪಟದಲ್ಲಿ ಇದು ಯಾವುದರ ಕೊನೆಯೂ ಆಗಿರಲಿಲ್ಲ. ಪೂರ್ವಕ್ಕೆ ತರ್ದವಾಡಿ 1000, ಪಶ್ಚಿಮಕ್ಕೆ ಕರಹಾಡ 4000 ಮತ್ತು ಮಿರಿಂಜೆ 3000, ದಕ್ಷಿಣಕ್ಕೆ ಕೂಂಡಿ 3000, ಉತ್ತರಕ್ಕೆ ಮುಂದೆ ಕಳಚುರ್ಯರ ನೆಲೆಯಾದ ಮಂಗಳವೇಡೆ. ಡೋಣಿ ಹೊಳೆ ಹುಟ್ಟುವುದು ಈ ತಾಲ್ಲೂಕಿನಲ್ಲಿ. ಅದು ಹರಿದು ಹೋಗುವುದು ವಿಜಯಪುರದ ಜೋಳದ ಎರೆಭೂಮಿಗೆ. ಮಾನ್ಯಖೇಟ, ಕಲ್ಯಾಣಗಳಿಂದ ಕರಹಾಡ, ಕೊಲ್ಲಾಪುರಗಳಿಗೆ ಚಾಚಿದ ನಾಡಿನ ನಡುವೆ ಇರುವ ನೆಲ ಇದು.

ಈ ನೆರೆಹೊರೆಯಿಂದಲೇ ಎರಡು ಬಾರಿ ಸಾಮ್ರಾಜ್ಯ ಕೈಬದಲಾಯಿತು. 973ರಲ್ಲಿ ರಾಷ್ಟ್ರಕೂಟರನ್ನು ತೆಗೆದುಹಾಕಿದ ಎರಡನೆಯ ತೈಲಪನು ಅದಕ್ಕೆ ಮೊದಲು ಮೂರನೆಯ ಕೃಷ್ಣನ ಅಧೀನದಲ್ಲಿ ತರ್ದವಾಡಿ ಸಾಸಿರವನ್ನು ಅನುಗಜೀವಿತವಾಗಿ ಪಡೆದಿದ್ದವನು. 12ನೆಯ ಶತಮಾನದ ಮಧ್ಯದಲ್ಲಿ ಕಲ್ಯಾಣದ ಚಾಲುಕ್ಯರ ಸಿಂಹಾಸನವನ್ನು ವಶಪಡಿಸಿಕೊಂಡ ಕಳಚುರ್ಯ ಬಿಜ್ಜಳನು ಕರಹಾಡ 4000 ಮತ್ತು ತರ್ದವಾಡಿ 1000 ಪ್ರಾಂತಗಳ ಮಹಾಮಂಡಲೇಶ್ವರನಾಗಿದ್ದವನು. ಎರಡು ಶತಮಾನಗಳ ಅಂತರದಲ್ಲಿ ಒಂದೇ ಪ್ರಾಂತ ಎರಡು ಚಕ್ರವರ್ತಿಗಳನ್ನು ಕೊಟ್ಟಿತೆಂಬುದು ಬರೀ ಕಾಕತಾಳೀಯವೆಂದು ಬಿಟ್ಟುಬಿಡುವ ಸಂಗತಿಯಲ್ಲ.

ಸಾಮ್ರಾಜ್ಯವೊಂದು ದೂರದ ನಾಡನ್ನು ಗೆದ್ದಮೇಲೆ ಅದನ್ನು ಯಾರ ಕೈಗೆ ಕೊಡಬೇಕೆಂಬುದೇ ಎಲ್ಲ ಸಾಮ್ರಾಜ್ಯಗಳ ಮೊದಲ ಪ್ರಶ್ನೆ. ಇದಕ್ಕೆ ಪ್ರಾಚೀನ ಜಗತ್ತು ಕೊಟ್ಟ ಪ್ರಸಿದ್ಧ ಉತ್ತರಗಳಲ್ಲಿ ಹಲವು, ಅಧಿಕಾರಿಯನ್ನು ನೆಲಕ್ಕೆ ಅಂಟಿಕೊಳ್ಳಗೊಡಬಾರದೆಂಬ ಎಚ್ಚರದಿಂದ ಹುಟ್ಟಿದವು. ಅಶೋಕನು ಕಳಿಂಗದ ಪ್ರತ್ಯೇಕ ಶಾಸನದಲ್ಲಿ ಐದು ವರ್ಷಕ್ಕೊಮ್ಮೆ ಮಹಾಮಾತ್ರರನ್ನು ಸಂಚಾರಕ್ಕೆ ಕಳಿಸುವ ಮಾತನ್ನಾಡುತ್ತಾನೆ; ಉಜ್ಜಯಿನಿಯಿಂದ ಕಳಿಸುವ ಅವಧಿ ಮೂರು ವರ್ಷಗಳನ್ನು ಮೀರಬಾರದೆನ್ನುತ್ತಾನೆ. ರೋಮಿನಲ್ಲಿ ಪ್ರಾಂತಾಧಿಕಾರಿಗಳು ಬಂದುಹೋಗುವವರು. ಸೈನ್ಯಕ್ಕೆ ಸಂಬಳ ಕೊಡುವವನು ಚಕ್ರವರ್ತಿ. ಆಗಸ್ಟಸನು ಕ್ರಿ.ಶ. 6ರಲ್ಲಿ ನಿವೃತ್ತ ಸೈನಿಕರಿಗೆಂದೇ ಪ್ರತ್ಯೇಕ ಖಜಾನೆಯನ್ನು ತೆರೆದದ್ದರ ಉದ್ದೇಶ, ಸೈನಿಕನು ತನ್ನ ಮುಪ್ಪಿನ ಭರವಸೆಗಾಗಿ ದಂಡನಾಯಕನ ಮುಖ ನೋಡದಿರಲಿ ಎಂಬುದೇ. ಚೀನದ ಹಾನ್ ಮನೆತನ ಆರಂಭದಲ್ಲಿ ಬಂಧುಗಳಿಗೆ ರಾಜ್ಯಗಳನ್ನು ಹಂಚಿಕೊಟ್ಟು, ಕ್ರಿ.ಪೂ. 154ರಲ್ಲಿ ಏಳು ರಾಜ್ಯಗಳ ಬಂಡಾಯವನ್ನು ಎದುರಿಸಬೇಕಾಯಿತು. ಕ್ರಿ.ಪೂ. 127ರಲ್ಲಿ ವೂ ಚಕ್ರವರ್ತಿ ಕಂಡುಕೊಂಡ ಉಪಾಯ ಮೆಚ್ಚತಕ್ಕದ್ದು: ಮಾಂಡಲಿಕನು ಸತ್ತರೆ ಅವನ ನೆಲ ಹಿರಿಯ ಮಗನೊಬ್ಬನಿಗೇ ಹೋಗದೆ ಎಲ್ಲ ಮಕ್ಕಳಿಗೂ ಪಾಲಾಗಲೆಂದು ಆಜ್ಞೆ. ಮೇಲ್ನೋಟಕ್ಕೆ ಅದು ಔದಾರ್ಯ. ಎರಡು ತಲೆಮಾರು ಕಳೆಯುವುದರೊಳಗೆ ದಂಡೆತ್ತುವ ಶಕ್ತಿಯುಳ್ಳ ಮಾಂಡಲಿಕನೇ ಉಳಿಯಲಾರ.

ದಖ್ಖನದ ಅರಸರು ಹಿಡಿದ ದಾರಿ ಇದಕ್ಕೆ ತದ್ವಿರುದ್ಧ. ಅವರು ನೆಲವನ್ನು ಕೊಟ್ಟರು, ವಂಶಪಾರಂಪರ್ಯವಾಗಿ ಕೊಟ್ಟರು, ಕೊಟ್ಟಿದ್ದನ್ನು ಕಲ್ಲಿನಲ್ಲಿ ಬರೆಸಿದರು. ಸೋತ ಅರಸನನ್ನು ಅವನ ನೆಲದಲ್ಲೇ ಮತ್ತೆ ನಿಲ್ಲಿಸಿ ಸಾಮಂತನನ್ನಾಗಿ ಮಾಡಿಕೊಳ್ಳುವುದು ವಾಡಿಕೆ. ಅವನಿಗೆ ಪಂಚಮಹಾಶಬ್ದದ ಗೌರವ ಉಂಟು, ಬಿರುದು ಉಂಟು, ಲಾಂಛನ ಉಂಟು, ತನ್ನದೇ ಪಡೆ ಉಂಟು. ಚಕ್ರವರ್ತಿ ಕರೆದಾಗ ಆ ಪಡೆಯೊಡನೆ ಬರಬೇಕು, ಕಪ್ಪ ಸಲ್ಲಿಸಬೇಕು, ಶಾಸನ ಬರೆಸುವಾಗ ಮೊದಲು ಚಕ್ರವರ್ತಿಯ ರಾಜ್ಯ ವರ್ಧಿಸುತ್ತಿರುವುದನ್ನು ಹೇಳಿ, ಆಮೇಲೆ ತನ್ನನ್ನು 'ತತ್ಪಾದಪದ್ಮೋಪಜೀವಿ'ಯೆಂದು ಕರೆದುಕೊಳ್ಳಬೇಕು. ಈ ಕೊನೆಯ ಕಟ್ಟುಪಾಡನ್ನು ಬರಿಯ ಒಕ್ಕಣೆಯ ಅಲಂಕಾರವೆಂದು ನಮ್ಮ ಅನೇಕ ಓದುಗರು ದಾಟಿಕೊಂಡು ಹೋಗುತ್ತಾರೆ. ಸಾಮ್ರಾಜ್ಯದ ಆಡಳಿತ ಪತ್ರವೇ ಕಲ್ಲಿನ ಮೇಲಿರುವಾಗ ಒಕ್ಕಣೆಯೇ ಅಧಿಕಾರದ ಅಳತೆಗೋಲು. ಚಕ್ರವರ್ತಿಯ ಹೆಸರು ಎಲ್ಲಿ ಕಡಿಮೆಯಾಗುತ್ತದೆ, ಎಲ್ಲಿ ಬಿಟ್ಟೇಹೋಗುತ್ತದೆ ಎಂಬುದನ್ನು ಗುರುತಿಸಿದರೆ ಸಾಮಂತನು ಯಾವಾಗ ಸ್ವತಂತ್ರನಾದನೆಂದು ತಿಳಿಯಲು ಯುದ್ಧದ ವರ್ಣನೆ ಬೇಕಾಗುವುದಿಲ್ಲ.

ಕೊಡುವ ರೀತಿ ಹೇಗಿತ್ತೆಂಬುದಕ್ಕೆ ಆತಕೂರಿನ ಶಾಸನಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇರೆ ಸಿಗುವುದು ಕಷ್ಟ. 949ರ ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಮೂರನೆಯ ಕೃಷ್ಣನು ಮೆಚ್ಚಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವಿಷ್ಟನ್ನೂ ಕೊಟ್ಟನು. ಬೂತುಗನು ಕೃಷ್ಣನ ಅಕ್ಕ ರೇವಕನಿಮ್ಮಡಿಯ ಗಂಡನೂ ಹೌದು. ಹೀಗೆ ಒಂದೇ ಗೆಲವಿನಲ್ಲಿ ನಂಟಸ್ತಿಕೆ, ದಂಡಿನ ಊಳಿಗ, ನೆಲದ ಕೊಡುಗೆ ಮೂರೂ ಹೆಣೆದುಕೊಂಡಿವೆ. ಅದೇ ಕಲ್ಲಿನಲ್ಲಿ ಬೂತುಗನು ತನ್ನ ವೀರ ಮಣಲೇರನಿಗೆ ಮೆಚ್ಚಿ ಕೊಟ್ಟ ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತ ಕತೆಯೂ ಇದೆ. ಕಲ್ಲನ್ನು ನಿಲ್ಲಿಸಿದ ನಿಮಿತ್ತವೇ ಆ ನಾಯಿ. ದಕ್ಷಿಣದ ಅತ್ಯಂತ ದೊಡ್ಡ ಕಾಳಗಗಳಲ್ಲೊಂದರ ವೃತ್ತಾಂತ ನಮಗೆ ದಕ್ಕಿರುವುದು ನಾಯಿಯೊಂದರ ವೀರಗಲ್ಲಿನಿಂದ. ಚಕ್ರವರ್ತಿ ಮೆಚ್ಚಿ ನಾಡು ಕೊಡುತ್ತಾನೆ, ಸಾಮಂತ ಮೆಚ್ಚಿ ನಾಯಿ ಕೊಡುತ್ತಾನೆ. ಮೇಲಿಂದ ಕೆಳಗಿನವರೆಗೆ ವ್ಯವಸ್ಥೆಯ ವ್ಯಾಕರಣ ಒಂದೇ.

ಅನುಗಜೀವಿತವೆಂಬ ಮಾತೂ ಈ ವ್ಯಾಕರಣಕ್ಕೇ ಸೇರಿದ್ದು. ಅನುಗನೆಂದರೆ ಹಿಂಬಾಲಿಸಿ ನಡೆಯುವ ಒಲವಿನವನು. ಅವನ ಬಾಳುವೆಗೆಂದು ಬಿಟ್ಟ ನೆಲ ಅನುಗಜೀವಿತ. ತೈಲಪನಿಗೆ ತರ್ದವಾಡಿ ಸಿಕ್ಕಿದ್ದು ಗಡಿ ಕಾಯುವುದಕ್ಕಲ್ಲ. ಭೀಮೆಯ ದಂಡೆಯ ಇಂದಿನ ತದ್ದೇವಾಡಿಯ ಸುತ್ತಣ ಆ ನೆಲಕ್ಕೆ ಶತ್ರುರಾಜ್ಯ ಯಾವುದೂ ಅಂಟಿಕೊಂಡಿರಲಿಲ್ಲ. ಅದು ನಂಬಿಕಸ್ತನಿಗೆ ಕೊಟ್ಟ ಒಳನಾಡು. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡಾಗ ಚಕ್ರವರ್ತಿ ಖೊಟ್ಟಿಗನು ತಡೆಯಲಾರದೆ ಹೋದನು. ಸೂರೆ ಮಾಡಿದವನು ಹಿಂತಿರುಗಿದನು. ಮರುವರ್ಷವೇ, ರಾಜಧಾನಿಗೆ ದೂರವಲ್ಲದ ಎಡೆಯಲ್ಲಿ, ಸವೆಯದ ಪಡೆಯೊಡನೆ ಇದ್ದ ತೈಲಪನು ಎರಡನೆಯ ಕರ್ಕನನ್ನು ಸೋಲಿಸಿ ರಾಜ್ಯವನ್ನು ಕೈಗೆ ತೆಗೆದುಕೊಂಡನು. ಬೂತುಗನ ಮಗ ಗಂಗ ಮಾರಸಿಂಹನು ನಾಲ್ಕನೆಯ ಇಂದ್ರನನ್ನು ಪಟ್ಟಕ್ಕೆ ತರಲು ಹೆಣಗಿದನು. ಆಗದೆ ಮಾರಸಿಂಹನು ಬಂಕಾಪುರದಲ್ಲಿಯೂ, 982ರಲ್ಲಿ ಇಂದ್ರನು ಶ್ರವಣಬೆಳಗೊಳದಲ್ಲಿಯೂ ಸಲ್ಲೇಖನದಿಂದ ದೇಹ ಬಿಟ್ಟರು. ಒಂದೇ ವ್ಯವಸ್ಥೆ ಬೂತುಗನ ಮನೆಯಲ್ಲಿ ಕೊನೆಯವರೆಗಿನ ನಿಷ್ಠೆಯನ್ನೂ ತೈಲಪನಲ್ಲಿ ಬಂಡಾಯವನ್ನೂ ಹುಟ್ಟಿಸಿತು. ಆದ್ದರಿಂದ ಸಾಮಂತ ಪದ್ಧತಿಯೇ ಒಡಕಿನ ಬೀಜವೆಂದು ಹೇಳಿ ಮುಗಿಸಲಾಗದು.

ಇಲ್ಲಿ ರೋಮಿನೊಡನೆ ಹೋಲಿಕೆ ಉಪಯುಕ್ತವಾಗುತ್ತದೆ. ಕ್ರಿ.ಶ. 69ರಲ್ಲಿ ಒಂದೇ ವರ್ಷ ನಾಲ್ವರು ಚಕ್ರವರ್ತಿಗಳು ಬಂದರು. ಕೊನೆಗೆ ಉಳಿದ ವೆಸ್ಪಾಸಿಯನ್ನನು ಜೂಡಿಯಾದ ಯುದ್ಧಭೂಮಿಯಿಂದ ಬಂದವನು. 193ರಲ್ಲಿ ಸೆಪ್ಟಿಮಿಯಸ್ ಸೆವೆರಸ್ ಡ್ಯಾನ್ಯೂಬ್ ದಂಡೆಯ ಪನೋನಿಯದ ಪಡೆಗಳ ಬಲದಿಂದ ರೋಮಿಗೆ ನಡೆದನು. ರೋಮಿನ ಅಪಾಯವಿದ್ದದ್ದು ಗಡಿಯಲ್ಲಿ, ಏಕೆಂದರೆ ಸೈನ್ಯವಿದ್ದದ್ದು ಗಡಿಯಲ್ಲಿ; ಇಟಲಿಯ ಒಳನಾಡು ಬಹುಮಟ್ಟಿಗೆ ನಿರಾಯುಧ. ದಖ್ಖನದಲ್ಲಿ ಸೈನ್ಯವು ಸಾಮಂತರ ಮನೆಮನೆಯಲ್ಲಿ ಹರಡಿಕೊಂಡಿತ್ತು. ಹಾಗಿದ್ದಮೇಲೆ ಅಪಾಯ ಬರುವುದು ಅಂಚಿನ ಸಾಮಂತನಿಂದಲ್ಲ. ದೂರದವನಿಗೆ ನೆರೆಯ ವೈರಿಗಳ ಕಾಟ, ರಾಜಧಾನಿಗೆ ನಡೆದು ಬರುವಷ್ಟರಲ್ಲಿ ದಾರಿಯ ಹತ್ತು ಸಾಮಂತರ ತಡೆ. ಬೆಳೆಯುಳ್ಳ ಒಳನಾಡಿನಲ್ಲಿ ನೆಲೆಗೊಂಡು, ಆಸ್ಥಾನದ ಒಳಹೊರಗನ್ನು ಬಲ್ಲ, ಚಕ್ರವರ್ತಿಯ ಮನೆತನದೊಡನೆ ನಂಟು ಬೆಳೆಸಿದ ಸಾಮಂತನೇ ಸಿಂಹಾಸನಕ್ಕೆ ಹತ್ತಿರದವನು. ತರ್ದವಾಡಿ ಎರಡು ಬಾರಿ ಚಕ್ರವರ್ತಿಗಳನ್ನು ಕೊಟ್ಟುದಕ್ಕೆ ಕಾರಣವನ್ನು ನಾನು ಇಲ್ಲಿ ಹುಡುಕುತ್ತೇನೆ. ಮೊದಲಿನ ಸ್ಥಿತ್ಯಂತರ, ಅಂದರೆ ಬಾದಾಮಿ ಚಾಲುಕ್ಯರಿಂದ ದಂತಿದುರ್ಗನಿಗೆ ಆದ ಬದಲಾವಣೆ, ಈ ಸೂತ್ರಕ್ಕೆ ಒಗ್ಗುವುದಿಲ್ಲವೆಂಬುದನ್ನೂ ಹೇಳಬೇಕು. ದಂತಿದುರ್ಗನ ಬಲ ಬೆಳೆದದ್ದು ಬಾದಾಮಿಗೆ ದೂರವಾದ ಉತ್ತರದಲ್ಲಿ, ಎಲ್ಲೋರದ ಕಡೆ. ಮೂರರಲ್ಲಿ ಎರಡಕ್ಕೆ ಹೊಂದುವ ವಿವರಣೆಯನ್ನು ಮೂರಕ್ಕೂ ಎಳೆದು ಹೊದಿಸುವ ಅಗತ್ಯವಿಲ್ಲ.

ಬಿಜ್ಜಳನ ಪ್ರಕರಣ ಇನ್ನೂ ನಿಧಾನವಾದದ್ದು. ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಅರ್ಧ ಶತಮಾನ ಆಳಿದನು. ಶಕವರ್ಷವನ್ನು ಬದಿಗೊತ್ತಿ ತನ್ನ ಹೆಸರಿನ ವರ್ಷಗಣನೆಯನ್ನೇ ಚಲಾಯಿಸಿದನು. ಕರಹಾಡದ ಶಿಲಾಹಾರ ರಾಜಕುಮಾರಿ ಚಂದಲದೇವಿ ಅವನ ರಾಣಿಯರಲ್ಲೊಬ್ಬಳು. ಬಿಲ್ಹಣನ ಕಾವ್ಯದಲ್ಲಿ ಅವಳ ಸ್ವಯಂವರಕ್ಕೆ ಬಹಳ ಎಡೆಯಿದೆ. ಕವಿಗೆ ಅದು ಶೃಂಗಾರದ ವಸ್ತು. ರಾಜ್ಯನೀತಿಯ ದೃಷ್ಟಿಯಿಂದ ನೋಡಿದರೆ ಕೃಷ್ಣಾ ಮೇಲ್ದಂಡೆಯ ಪ್ರಬಲ ಸಾಮಂತಮನೆಯನ್ನು ಒಳಗೆ ಕಟ್ಟಿಹಾಕಿದ ಮದುವೆ. ಆದರೆ ನಂಟು ಒಬ್ಬ ಅರಸನ ಆಯುಸ್ಸಿನ ಕಟ್ಟು. ವಿಕ್ರಮಾದಿತ್ಯನ ಮೊಮ್ಮಗನ ಕಾಲಕ್ಕೆ ಅದೇ ಶಿಲಾಹಾರರ ವಿಜಯಾದಿತ್ಯನು ಬಿಜ್ಜಳನಿಗೆ ಸಾಮ್ರಾಜ್ಯ ಪದವಿ ದೊರಕಿಸಿಕೊಟ್ಟನೆಂದು ಆ ಮನೆತನದ ಮುಂದಿನ ತಾಮ್ರಶಾಸನ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. 1157ರ ಚಿಕ್ಕಲಗಿಯ ಶಾಸನದಲ್ಲಿ ಬಿಜ್ಜಳನಿಗೆ ಭುಜಬಲಚಕ್ರವರ್ತಿಯೆಂಬ ಬಿರುದು ಬಂದಿದೆ; 1162ರ ಹೊತ್ತಿಗೆ ಅವನು ಕಲ್ಯಾಣದಲ್ಲಿದ್ದಾನೆ. ಸಾಮಂತನು ಚಕ್ರವರ್ತಿಯಾಗುವುದಕ್ಕೆ ಐದು ವರ್ಷಗಳ ಒಕ್ಕಣೆ ಹಿಡಿಯಿತು ಎನ್ನಬಹುದು.

ಬಸವಣ್ಣನವರು ಬಿಜ್ಜಳನ ಊಳಿಗದಲ್ಲಿದ್ದುದು ಮೊದಲು ಮಂಗಳವೇಡೆಯಲ್ಲಿ, ಆಮೇಲೆ ಕಲ್ಯಾಣದಲ್ಲಿ ಎಂಬುದು ಶರಣ ಪರಂಪರೆಯ ನಂಬಿಕೆ. ಜತ್ತ ತಾಲ್ಲೂಕಿನ ಉಮರಾಣಿಯಲ್ಲಿ ಹುಟ್ಟಿ ಗುಡ್ಡಾಪುರದಲ್ಲಿ ನೆಲೆಸಿದ ದಾನಮ್ಮನನ್ನು ಆ ಪರಂಪರೆ ಇದೇ ಕಾಲಕ್ಕೆ ಸೇರಿಸುತ್ತದೆ. ಇಂದಿಗೂ ಗುಡ್ಡಾಪುರದ ಜಾತ್ರೆಗೆ ಕನ್ನಡದವರೂ ಮರಾಠಿಯವರೂ ಒಂದೇ ದಾರಿಯಲ್ಲಿ ನಡೆದು ಬರುತ್ತಾರೆ. ಸಾಮ್ರಾಜ್ಯ ಕೈಬದಲಾಗುತ್ತಿದ್ದ ನೆಲದಲ್ಲೇ, ಆ ದಶಕಗಳಲ್ಲೇ, ಸಾಮ್ರಾಜ್ಯದ ಶ್ರೇಣಿವ್ಯವಸ್ಥೆಯನ್ನು ಪ್ರಶ್ನಿಸಿದ ಚಳವಳಿ ತಲೆಯೆತ್ತಿದುದನ್ನು ಅರ್ಥಮಾಡಿಕೊಳ್ಳಲು, ಮೇಲಿನವನ ಪಾದಪದ್ಮಕ್ಕೆ ಕೆಳಗಿನವನು ದುಂಬಿಯಾಗಿದ್ದ ಆ ಒಕ್ಕಣೆಯನ್ನು ಒಮ್ಮೆ ನೆನೆದರೆ ಒಳ್ಳೆಯದು.

ಈಗ ಭಾಷೆಯ ಮಾತು. ಗೆದ್ದವರು ತಮ್ಮ ಭಾಷೆಯನ್ನು ಹೇರುತ್ತಾರೆಂಬ ಆಧುನಿಕ ಕಲ್ಪನೆಯಿಂದ ಪ್ರಾಚೀನ ಸಾಮ್ರಾಜ್ಯಗಳನ್ನು ಓದಲು ಹೊರಟರೆ ಹೆಜ್ಜೆಹೆಜ್ಜೆಗೂ ಮುಗ್ಗರಿಸಬೇಕಾಗುತ್ತದೆ. ಪರ್ಷಿಯದ ಅಖಮೇನಿಯ ಅರಸರು ಪಶ್ಚಿಮದಿಂದ ಪೂರ್ವದವರೆಗೆ ಆಡಳಿತಕ್ಕೆ ಬಳಸಿದ್ದು ತಮ್ಮ ಭಾಷೆಯನ್ನಲ್ಲ, ಅರಮಾಯಿಕ್ ಭಾಷೆಯನ್ನು. ದಾರಿಯವುಷನ ಬೆಹಿಸ್ತೂನ್ ಶಾಸನ ಮೂರು ಭಾಷೆಗಳಲ್ಲಿದೆ, ಅದರ ಅರಮಾಯಿಕ್ ಪ್ರತಿಯೊಂದು ಈಜಿಪ್ಟಿನ ಎಲಿಫಂಟೈನಿನಲ್ಲಿ ದೊರೆತಿದೆ. ರೋಮಿನ ಪೂರ್ವಾರ್ಧ ಕೊನೆಯವರೆಗೂ ಗ್ರೀಕಿನಲ್ಲೇ ವ್ಯವಹರಿಸಿತು. ಅಶೋಕನು ಮಸ್ಕಿ, ಕೊಪ್ಪಳ, ಬ್ರಹ್ಮಗಿರಿಗಳ ಕಲ್ಲುಗಳ ಮೇಲೆ ಪ್ರಾಕೃತವನ್ನೇ ಬರೆಸಿದನು. ಬ್ರಹ್ಮಗಿರಿಯಲ್ಲಿ ಲಿಪಿಕಾರ ಚಪಡನು ತನ್ನ ಉದ್ಯೋಗದ ಹೆಸರನ್ನು ವಾಯವ್ಯದ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಆ ಲಿಪಿಯನ್ನು ಓದಬಲ್ಲವರು ಆ ಬೆಟ್ಟದ ಸುತ್ತ ಎಷ್ಟು ಮಂದಿ ಇದ್ದಿರಬಹುದೆಂದು ಊಹಿಸಿದರೆ ಮೌರ್ಯರ ಹಿಡಿತದ ಸ್ವರೂಪ ತಿಳಿಯುತ್ತದೆ: ದಾರಿಗಳ ಉದ್ದಕ್ಕೆ ಚಾಚಿದ, ಇಕ್ಕೆಲಗಳಲ್ಲಿ ಇಳಿಯದ ಅಧಿಕಾರ. ಅಶೋಕನ ಮರಣವಾಗಿ ಐವತ್ತು ವರ್ಷ ಕಳೆಯುವುದರೊಳಗೆ ಆ ಸಾಮ್ರಾಜ್ಯ ಇಲ್ಲವಾಯಿತು.

ರಾಷ್ಟ್ರಕೂಟರೂ ಕಲ್ಯಾಣದ ಚಾಲುಕ್ಯರೂ ಮಾಡಿದ್ದು ಬೇರೆ. ವಂಶಾವಳಿ, ಪ್ರಶಸ್ತಿಗಳಿಗೆ ಸಂಸ್ಕೃತ. ದತ್ತಿಯ ಎಲ್ಲೆ, ತೆರಿಗೆ, ಊರೊಡೆಯರ ಮತ್ತು ಮಹಾಜನರ ಒಪ್ಪಿಗೆ ಇವುಗಳಿಗೆ ಹೆಚ್ಚಾಗಿ ಕನ್ನಡ. ಈ ಶ್ರಮವಿಭಜನೆಯನ್ನು ಶೆಲ್ಡನ್ ಪೊಲಾಕ್ ವಿಸ್ತಾರವಾಗಿ ಚರ್ಚಿಸಿದ್ದಾರೆ. ಅವರ ಗಮನ ಆಸ್ಥಾನದ ಮತ್ತು ಕಾವ್ಯದ ಮೇಲೆ. ಊರ ಕಲ್ಲಿನಿಂದ ನೋಡಿದರೆ ಕಾಣುವುದು ಇನ್ನೊಂದು: ಸಿದ್ಧಾಯ, ಪೆರ್ಜುಂಕ, ವಡ್ಡರಾವುಳ ಎಂಬ ತೆರಿಗೆಗಳ ಲೆಕ್ಕ ಗಾವುಂಡನಿಗೆ ತಿಳಿಯುವ ಮಾತಿನಲ್ಲಿರಬೇಕಿತ್ತು. ಸಾಮ್ರಾಜ್ಯ ಊರಿಗೆ ಇಳಿದದ್ದು ಈ ಮಾತಿನ ಮೂಲಕ. ಸುಮಾರು 850ರ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳುವುದೂ, ಅದರ ತಿರುಳನ್ನು ಪುಲಿಗೆರೆ, ಕೊಪಣ, ಕಿಸುವೊಳಲು, ಒಕ್ಕುಂದಗಳ ನಡುವೆ ಇಡುವುದೂ ಒಟ್ಟಿಗೆ ಓದಬೇಕಾದ ಸಂಗತಿಗಳು. ನಾಡು ವಿಶಾಲ, ತಿರುಳು ಚಿಕ್ಕದು. ನಡುವಿನ ನೆಲದಲ್ಲಿ ಹಲವು ನುಡಿಗಳಿಗೆ ಜಾಗವಿತ್ತು. ಮೂರನೆಯ ಕೃಷ್ಣನ ಕನ್ನಡ ಶಾಸನ ಮಧ್ಯಪ್ರದೇಶದ ಜೂರಾದಲ್ಲಿದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಮರಾಠಿಯ ಸಾಲಿದೆ. ಇವೆರಡರಲ್ಲಿ ಒಂದನ್ನು ಹೆಮ್ಮೆಗೂ ಇನ್ನೊಂದನ್ನು ಮರೆವಿಗೂ ಹಾಕುವ ಓದು ಗಡಿಯ ಎರಡೂ ಕಡೆ ಬಳಕೆಯಲ್ಲಿದೆ.

634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯನ್ನು 99,000 ಗ್ರಾಮಗಳ ಮೂರು ಮಹಾರಾಷ್ಟ್ರಕಗಳ ಒಡೆಯನೆಂದು ಕರೆದನು. ನೂರಿಪ್ಪತ್ತು ವರ್ಷಗಳ ಮೇಲೆ, ಇಂದಿನ ಕೊಲ್ಲಾಪುರ ಜಿಲ್ಲೆಯ ಸಾಮಾನಗಡದಲ್ಲಿ ದೊರೆತ ಶಕ 675ರ ತಾಮ್ರಪಟ ಅದೇ ವಂಶದ ಪಡೆಯನ್ನು ಕರ್ಣಾಟಕ ಬಲವೆಂದು ಹೆಸರಿಸಿ, ದಂತಿದುರ್ಗನು ಅದನ್ನು ಗೆದ್ದನೆನ್ನುತ್ತದೆ. ಮಹಾರಾಷ್ಟ್ರಕವೂ ಕರ್ಣಾಟಕವೂ ಒಂದೇ ಅಧಿಕಾರದ ಎರಡು ಬಣ್ಣನೆಗಳಾಗಿ ಬಂದಿರುವಾಗ, ಬಾದಾಮಿಯವರು ಯಾರವರು ಎಂಬ ಪ್ರಶ್ನೆ ಆ ಶತಮಾನಗಳಿಗೆ ಅರ್ಥವಾಗುತ್ತಿರಲಿಲ್ಲ. ರಾಷ್ಟ್ರಕೂಟರ ಮೂಲನೆಲೆ ಲತ್ತಲೂರು ಇಂದು ಮಹಾರಾಷ್ಟ್ರದ ಲಾತೂರು. ಅವರ ಮನೆಮಾತು ಕನ್ನಡವೆಂದು ಸಾಧಿಸಿದವರಲ್ಲಿ ಪ್ರಮುಖರು ಮಹಾರಾಷ್ಟ್ರದ ವಿದ್ವಾಂಸ ಅ. ಸ. ಆಳ್ತೇಕರರು. 2022ರ ನವೆಂಬರಿನಲ್ಲಿ ಜತ್ತ ತಾಲ್ಲೂಕಿನ ಹಳ್ಳಿಗಳ ವಿಷಯ ಮತ್ತೆ ಸುದ್ದಿಯಾದಾಗ ಈ ಎಚ್ಚರದ ಅಭಾವ ಎದ್ದುಕಂಡಿತು. ಹಳ್ಳಿಗಳು ಬಹುಕಾಲದಿಂದ ಕೇಳುತ್ತಿದ್ದುದು ನೀರನ್ನು. ಅವಕ್ಕೆ ಸಿಕ್ಕಿದ್ದು ಇತಿಹಾಸದ ಭಾಷಣ.

ಹಾಗಾದರೆ ಈ ಸಾಮ್ರಾಜ್ಯಗಳು ದುರ್ಬಲವೇ, ಬಲಿಷ್ಠವೇ? ರಾಮಶರಣ ಶರ್ಮರ ಊಳಿಗಮಾನ್ಯ ವಾದವು ನೆಲದ ಕೊಡುಗೆಯನ್ನು ಕೇಂದ್ರದ ಕುಸಿತವೆಂದು ಓದುತ್ತದೆ. ಬ್ರಜದುಲಾಲ್ ಚಟ್ಟೋಪಾಧ್ಯಾಯರು ಅದನ್ನೇ ಸ್ಥಳೀಯ ಶಕ್ತಿಗಳನ್ನು ಒಳಸೇರಿಸಿಕೊಂಡು ರಾಜ್ಯ ಬೆಳೆದ ಬಗೆಯೆಂದು ಓದುತ್ತಾರೆ. ನಮ್ಮ ಭಾಗದ ಸಾಕ್ಷ್ಯ ಎರಡನೆಯ ವಾದದತ್ತ ವಾಲುತ್ತದೆ. ಬಾದಾಮಿ, ಮಾನ್ಯಖೇಟ, ಕಲ್ಯಾಣ ಮೂರೂ ಸುಮಾರು ಇನ್ನೂರು ವರ್ಷಗಳಷ್ಟು ಬಾಳಿದವು. ಅಧಿಕಾರಿಗಳನ್ನು ಸಂಚಾರಕ್ಕಟ್ಟಿ ಕಾದ ಮೌರ್ಯರು ಒಂದೂವರೆ ಶತಮಾನವನ್ನೂ ಮುಟ್ಟಲಿಲ್ಲ. 642ರಲ್ಲಿ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದಾಗ ರಾಜಧಾನಿಯೇ ಹೋಯಿತು. ಆದರೂ 655ರ ಹೊತ್ತಿಗೆ ಒಂದನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮತ್ತೆ ಕಟ್ಟಿದನು. ಬಲ ರಾಜಧಾನಿಯಲ್ಲಿ ಕೂಡಿಟ್ಟದ್ದಾಗಿದ್ದರೆ ಇದು ಆಗುತ್ತಿರಲಿಲ್ಲ. ರೋಮನ್ ಪಡೆ 5ನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನನ್ನು ಬಿಟ್ಟಮೇಲೆ ಒಂದೆರಡು ತಲೆಮಾರುಗಳಲ್ಲಿ ಅಲ್ಲಿ ನಾಣ್ಯ ಚಲಾವಣೆ ನಿಂತಿತು, ಪಟ್ಟಣಗಳು ಬರಿದಾದವು. 973ರಲ್ಲಿ ಇಲ್ಲಿ ಬದಲಾದದ್ದು ಮೇಲಿನ ಹೆಸರು. ತೈಲಪನು ತಾನು ಹಳೆಯ ಬಾದಾಮಿ ವಂಶದವನೆಂದು ಹೇಳಿಕೊಂಡನು, ವರಾಹ ಲಾಂಛನವನ್ನು ಹಿಡಿದನು; ನಾಡುಗಳ ಹೆಸರುಗಳೂ ಅವುಗಳಿಗಂಟಿದ ಸಂಖ್ಯೆಗಳೂ ಇದ್ದಲ್ಲೇ ಉಳಿದವು. ಆ ಸಂಖ್ಯೆಗಳು ಗ್ರಾಮಗಳವೋ, ತೆರಿಗೆಯವೋ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಒಂದು ವಂಶ ಕೊಟ್ಟ ಸಂಖ್ಯೆಯನ್ನು ಅದನ್ನು ಉರುಳಿಸಿದ ವಂಶವೂ ಬದಲಿಸಲಿಲ್ಲ. 1024ರ ಮಿರಜದ ತಾಮ್ರಪಟದಲ್ಲಿ ತೈಲಪನ ಮೊಮ್ಮಗ ಜಯಸಿಂಹನು ಕೊಲ್ಲಾಪುರದ ಬಳಿಯ ಬೀಡಿನಿಂದ ದಾನ ಮಾಡುವಾಗ ಬಾದಾಮಿಯ ಪೂರ್ವಜರನ್ನೆಲ್ಲ ಎಣಿಸಿ ಹೇಳುತ್ತಾನೆ. ನಡುವಿನ ರಾಷ್ಟ್ರಕೂಟರ ಕಾಲವನ್ನು ವಂಶದ ಕೀರ್ತಿಗೆ ಬಂದ ಅಡ್ಡಿಯಂತೆ ದಾಟಿ ಮುಂದೆ ಸಾಗುತ್ತಾನೆ.

ಈ ಬಾಳಿಕೆಗೆ ತೆತ್ತ ಬೆಲೆಯೂ ಇದೆ. ಚಕ್ರವರ್ತಿಯಿಲ್ಲದೆಯೂ ನಡೆಯಬಲ್ಲ ನಾಡಿಗೆ ಚಕ್ರವರ್ತಿಯ ಅಗತ್ಯ ಒಂದು ದಿನ ತೀರಿಹೋಗುತ್ತದೆ. ಮಿರಜದ 12ನೆಯ ಶತಮಾನದ ಕನ್ನಡ ಶಾಸನದಲ್ಲಿ ವೀರಬಣಂಜು ವರ್ತಕರು ಸೇರಿ ತಮ್ಮ ಸರಕುಗಳ ಮೇಲೆ ತಾವೇ ಕಟ್ಟಳೆ ಹಾಕಿಕೊಂಡು ದಾನ ಕೊಡುತ್ತಾರೆ. ಅರಸನಾಗಿ ಕಾಣಿಸಿಕೊಳ್ಳುವವನು ಶಿಲಾಹಾರ ದೊರೆ. ಕಳಚುರ್ಯರು ಸೋತು 1184ರಲ್ಲಿ ನಾಲ್ಕನೆಯ ಸೋಮೇಶ್ವರನು ಚಾಲುಕ್ಯ ಸಿಂಹಾಸನವನ್ನು ಮರಳಿ ಪಡೆದಾಗ, ಅವನನ್ನು ಚಕ್ರವರ್ತಿಯೆಂದು ಬರೆಸುವುದಕ್ಕೆ ಶಿಲಾಹಾರರಿಗಾಗಲಿ ಸೇವುಣರಿಗಾಗಲಿ ಹೊಯ್ಸಳರಿಗಾಗಲಿ ಕಾರಣವೇ ಉಳಿದಿರಲಿಲ್ಲ. ಒಂದು ದಶಕ ಕಳೆಯುವುದರೊಳಗೆ ಸೇವುಣ ಭಿಲ್ಲಮನೂ ಹೊಯ್ಸಳ ಇಮ್ಮಡಿ ಬಲ್ಲಾಳನೂ ಆ ನಾಡನ್ನು ಹಂಚಿಕೊಂಡರು. ಮಲಪ್ರಭಾ ಮತ್ತು ಕೃಷ್ಣೆಗಳು ಅವರ ನಡುವಿನ ಎಲ್ಲೆಯಾದವು. ಜತ್ತದ ಸುತ್ತಣ ನೆಲ ಉತ್ತರದ ಪಾಲಿಗೆ, ಸೇವುಣರಿಗೆ ಹೋಯಿತು. ಎಲ್ಲೆಯ ಉತ್ತರಕ್ಕೆ ಬಂದ ಮೇಲೂ ಊರ ಕರಣರು ದತ್ತಿಯ ಕಲ್ಲುಗಳನ್ನು ಕನ್ನಡದಲ್ಲಿ ಬರೆಸುತ್ತಲೇ ಇದ್ದರು. ಸೇವುಣರ ಕಾಲದ ಕನ್ನಡ ಶಾಸನಗಳ ಸಂಖ್ಯೆ ಸಣ್ಣದಲ್ಲ, ಮರಾಠಿಯ ಶಾಸನಗಳು ಅವುಗಳ ಪಕ್ಕದಲ್ಲೇ ಹೆಚ್ಚುತ್ತ ಬಂದವು.